ಆಸ್ಟ್ರಾಲಜರ್ ಆಗಿ ತಪ್ಪು ಮಾಡಿದೆನೇ? ಎಲ್ಡನ್ ರಿಂಗ್‌ನಲ್ಲಿ ವರ್ಗದ ಆಯ್ಕೆ ಕುರಿತು

ಪ್ರಶ್ನೆ: “ನಾನು ಹುಬ್ಬಳ್ಳಿಯಲ್ಲಿ ಬ್ಯಾಂಕ್ ಉದ್ಯೋಗಿ, ವಯಸ್ಸು ಮೂವತ್ತೆಂಟು. ಮಕ್ಕಳು ಮಲಗಿದ ಮೇಲೆ ಸಿಗುವ ಒಂದು ಗಂಟೆಯಲ್ಲಿ ಎಲ್ಡನ್ ರಿಂಗ್ ಎಂಬ ವಿಡಿಯೊ ಗೇಮ್ ಆಡುತ್ತೇನೆ. ಒಟ್ಟು ಇಪ್ಪತ್ತಾರು ಗಂಟೆ ಆಡಿದ್ದರೂ ಐದು ಬಾರಿ ಹೊಸದಾಗಿ ಆರಂಭಿಸಿದ್ದರಿಂದ ಮಾರ್ಗಿಟ್ ಎಂಬ ಮೊದಲ ದೊಡ್ಡ ಬಾಸನ್ನೂ ದಾಟಿಲ್ಲ. ಮೊದಲು ಆರಿಸಿದ ಪಾತ್ರವರ್ಗ ಸಮುರಾಯ್, ಆಮೇಲೆ ವ್ಯಾಗಬಾಂಡ್, ಆಮೇಲೆ ಮಂತ್ರ ಬಳಸುವ ಆಸ್ಟ್ರಾಲಜರ್. ಈ ಮೂವರನ್ನೂ ಅಳಿಸಿ ಹಾಕಿದೆ. ನಂತರ ಹಟಕ್ಕೆ ಬಿದ್ದು ರೆಚ್, ಈಗ ಮತ್ತೆ ಆಸ್ಟ್ರಾಲಜರ್, 14ನೇ ಲೆವೆಲ್. ನನಗೆ ಇಷ್ಟವಾಗಿರುವುದು ಮಂತ್ರವಿದ್ಯೆ, ಜತೆಗೊಂದು ಕತ್ತಿಯೂ ಇರಲಿ ಎಂಬ ಆಸೆ. ಒಬ್ಬ ಗೆಳೆಯ ‘ಲೆಕ್ಕ ಹಾಕಿದರೆ ವ್ಯಾಗಬಾಂಡೇ ಶ್ರೇಷ್ಠ’ ಎನ್ನುತ್ತಾನೆ. ಇನ್ನೊಬ್ಬ ಹಳೆಯ ಡಾರ್ಕ್ ಸೋಲ್ಸ್ ಆಟಗಾರ, ‘ಮೊದಲಲ್ಲಿ ತಪ್ಪಿದರೆ ಕೊನೆಯವರೆಗೂ ಅನುಭವಿಸಬೇಕು’ ಎಂದು ಹೆದರಿಸುತ್ತಾನೆ. ಮೂರನೆಯವನ ಪ್ರಕಾರ ಮಂತ್ರದಿಂದ ಗೆದ್ದರೆ ಅದು ಗೆಲುವೇ ಅಲ್ಲ. ಯಾವ ವರ್ಗ ಆರಿಸಬೇಕು ಎಂದು ಒಮ್ಮೆ ಖಚಿತವಾಗಿ ಹೇಳಿಬಿಡಿ. ಆಮೇಲೆ ಬದಲಿಸಲು ಸಾಧ್ಯವೇ?”

ಉತ್ತರ: ನೀವು ಕೇಳಿರುವುದು ಯಾವ ವರ್ಗ ಎಂದು. ಆದರೆ ಪತ್ರವನ್ನು ಎರಡು ಸಲ ಓದಿದ ಮೇಲೆ ನನಗೆ ಕಂಡದ್ದು ಬೇರೆಯೇ ಒಂದು ಆತಂಕ. ದಿನಕ್ಕೆ ಒಂದೇ ಗಂಟೆ ಬಿಡುವಿರುವ ಮನುಷ್ಯ, ತಿಂಗಳುಗಟ್ಟಲೆ ಹಿಡಿಯುವ ಆಟವೊಂದರ ಬಾಗಿಲಲ್ಲೇ ತಪ್ಪು ಕಾಗದಕ್ಕೆ ರುಜು ಹಾಕಿಬಿಟ್ಟೆನೇನೋ ಎಂದು ಹೆದರಿದ್ದಾನೆ. ಬ್ಯಾಂಕಿನವರಿಗೆ ರುಜುವಿನ ಭಯ ಸಹಜ. ಆದ್ದರಿಂದ ತೀರ್ಮಾನವನ್ನು ಮೊದಲು ಹೇಳಿ, ಕಾರಣಗಳನ್ನು ಆಮೇಲೆ ಹೇಳುತ್ತೇನೆ. ಈಗಿರುವ 14ನೇ ಲೆವೆಲ್‌ನ ಆಸ್ಟ್ರಾಲಜರ್‌ನನ್ನೇ ಮುಂದುವರಿಸಿ. ನಿಮ್ಮ ಆಯ್ಕೆಯಲ್ಲಿ ತಪ್ಪಿಲ್ಲ. ನೀವು ಈವರೆಗೆ ಕಳೆದುಕೊಂಡಿರುವುದನ್ನೆಲ್ಲ ಕಳೆದುಕೊಂಡಿರುವುದು ಹೊಸದಾಗಿ ಆರಂಭಿಸಿದ್ದರಿಂದಲೇ ಹೊರತು ಯಾವ ವರ್ಗದಿಂದಲೂ ಅಲ್ಲ.

ಮೊದಲಿಗೆ ಈ ಆಟದಲ್ಲಿ ವರ್ಗ ಎಂದರೆ ಏನು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. ಫ್ರಮ್‌ಸಾಫ್ಟ್‌ವೇರ್ ಸಂಸ್ಥೆ 2022ರ ಫೆಬ್ರವರಿ 25ರಂದು ಬಿಡುಗಡೆ ಮಾಡಿದ ಎಲ್ಡನ್ ರಿಂಗ್‌ನಲ್ಲಿ ಆರಂಭಕ್ಕೆ ಹತ್ತು ವರ್ಗಗಳಿವೆ. ಪ್ರತಿ ವರ್ಗವೂ ನಿಮಗೆ ಕೊಡುವುದು ಒಂದು ಆರಂಭಿಕ ಲೆವೆಲ್, ಎಂಟು ಗುಣಾಂಕಗಳ (ಪ್ರಾಣ, ಬಲ, ಬುದ್ಧಿಯಂಥ ಸಾಮರ್ಥ್ಯಗಳನ್ನು ಅಳೆಯುವ ಅಂಕಗಳ) ಒಂದು ಹಂಚಿಕೆ, ಮೈಮೇಲೆ ಒಂದಷ್ಟು ಬಟ್ಟೆ ಮತ್ತು ಕೈಯಲ್ಲಿ ಒಂದೆರಡು ಆಯುಧ. ಅಷ್ಟೇ. ಇದಾದ ಮೇಲೆ ಆಟ ನಿಮ್ಮ ವರ್ಗದ ಹೆಸರನ್ನು ಮತ್ತೆಂದೂ ಕೇಳುವುದಿಲ್ಲ. ಆಸ್ಟ್ರಾಲಜರ್ ಮಾತ್ರ ಕಲಿಯಬಹುದಾದ ಮಂತ್ರವಿಲ್ಲ, ಸಮುರಾಯ್ ಮಾತ್ರ ಹಿಡಿಯಬಹುದಾದ ಕತ್ತಿಯಿಲ್ಲ, ವ್ಯಾಗಬಾಂಡ್‌ಗೆ ಮಾತ್ರ ತೆರೆಯುವ ಬಾಗಿಲಿಲ್ಲ. ಗುಣಾಂಕ ಸಾಕಷ್ಟಿದ್ದರೆ ಯಾರು ಏನನ್ನಾದರೂ ಬಳಸಬಹುದು. ನನ್ನ ಮಾತಿನಲ್ಲಿ ಹೇಳುವುದಾದರೆ ಇಲ್ಲಿ ವರ್ಗ ಎಂಬುದು ದಾರಿಗೆ ಕಟ್ಟಿಕೊಟ್ಟ ಬುತ್ತಿ. ನಿಮ್ಮ ಗೆಳೆಯರು ಮೂವರೂ ಅದನ್ನು ಜಾತಕವೆಂದು ಭಾವಿಸಿ ಓದುತ್ತಿದ್ದಾರೆ. ಅವರಲ್ಲಿ ಯಾರೂ ಆಸ್ಟ್ರಾಲಜರ್ ಅಲ್ಲ ಎಂಬುದು ಬೇರೆ ಮಾತು.

ಲೆಕ್ಕ ನಿಮ್ಮ ವೃತ್ತಿಯೇ ಆಗಿರುವುದರಿಂದ ಒಂದು ಲೆಕ್ಕ ತೋರಿಸುತ್ತೇನೆ. ರೆಚ್ ಒಂದನೇ ಲೆವೆಲ್‌ನಲ್ಲಿ ಶುರುವಾಗುತ್ತಾನೆ. ಎಂಟೂ ಗುಣಾಂಕ ಹತ್ತತ್ತು, ಒಟ್ಟು 80. ವ್ಯಾಗಬಾಂಡ್ 9ನೇ ಲೆವೆಲ್‌ನಲ್ಲಿ ಶುರುವಾಗುತ್ತಾನೆ. ಅವನ ಎಂಟು ಗುಣಾಂಕಗಳನ್ನು ಕೂಡಿದರೆ 88. ಆಸ್ಟ್ರಾಲಜರ್ 6ನೇ ಲೆವೆಲ್, ಒಟ್ಟು 85. ಕನ್ಫೆಸರ್ 10ನೇ ಲೆವೆಲ್, ಒಟ್ಟು 89. ಎಲ್ಲ ಕಡೆಯೂ ಲೆವೆಲ್‌ಗೆ 79 ಕೂಡಿಸಿದರೆ ಗುಣಾಂಕಗಳ ಮೊತ್ತ ಸಿಗುತ್ತದೆ, ಹತ್ತು ವರ್ಗಗಳಲ್ಲಿ ಒಂದಕ್ಕೂ ಈ ಸೂತ್ರದಿಂದ ವಿನಾಯಿತಿ ಇಲ್ಲ. ರೆಚ್ ಒಂಬತ್ತನೇ ಲೆವೆಲ್‌ಗೆ ಬಂದಾಗ, ಲೆವೆಲ್‌ಗೆ ಒಂದೊಂದು ಅಂಕ ಸೇರಿ, ಅವನ ಖಾತೆಯಲ್ಲೂ 88 ಇರುತ್ತದೆ. ಅಂದರೆ ಯಾವ ವರ್ಗವೂ ಶ್ರೀಮಂತ ಮನೆಯಲ್ಲಿ ಹುಟ್ಟಿಲ್ಲ, ಯಾವುದೂ ಬಡವರ ಮನೆಯದಲ್ಲ. ವ್ಯತ್ಯಾಸವಿರುವುದು ಹಂಚಿಕೆಯಲ್ಲಿ ಮಾತ್ರ. ನಿಮಗೆ ಬೇಡದ ಗುಣಾಂಕದಲ್ಲಿ ಎಷ್ಟು ಅಂಕ ಸಿಕ್ಕಿಹಾಕಿಕೊಂಡಿದೆ ಎಂಬುದೇ ವರ್ಗ ತಪ್ಪಿದ್ದಕ್ಕೆ ತೆರಬೇಕಾದ ದಂಡ.

ಆ ದಂಡ ಎಷ್ಟು ಎಂಬುದನ್ನು ನಿಮ್ಮದೇ ಆಸೆಗೆ ಹಚ್ಚಿ ನೋಡೋಣ. ಆಟದ ಕೊನೆಯ ಭಾಗಕ್ಕೆ ಬರುವಾಗ ನಿಮಗೆ ಪ್ರಾಣ ಹೆಚ್ಚಿಸುವ ವಿಗರ್ 40, ಮಂತ್ರಶಕ್ತಿಯ ಮೈಂಡ್ 25, ದಮ್ಮು ಕೊಡುವ ಎಂಡ್ಯೂರೆನ್ಸ್ 15, ಸಾಧಾರಣ ಕತ್ತಿಯೊಂದನ್ನು ಹಿಡಿಯಲು ಸ್ಟ್ರೆಂತ್ 10 ಮತ್ತು ಡೆಕ್ಸ್‌ಟೆರಿಟಿ 12, ಮಂತ್ರಕ್ಕೆ ಇಂಟೆಲಿಜೆನ್ಸ್ 60 ಬೇಕು ಎಂದಿಟ್ಟುಕೊಳ್ಳಿ. ಆಸ್ಟ್ರಾಲಜರ್ ಆಗಿ ಶುರು ಮಾಡಿದವರು ಇಷ್ಟನ್ನು 99ನೇ ಲೆವೆಲ್‌ನಲ್ಲಿ ಮುಟ್ಟುತ್ತಾರೆ. ಪ್ರಿಸನರ್ ಆಗಿ ಶುರು ಮಾಡಿದವರು 101ರಲ್ಲಿ, ರೆಚ್ 103ರಲ್ಲಿ, ವ್ಯಾಗಬಾಂಡ್ ಮತ್ತು ಸಮುರಾಯ್ ಇಬ್ಬರೂ 104ರಲ್ಲಿ. ಮಂತ್ರದ ಗಂಧಗಾಳಿಯೂ ಇಲ್ಲದ ಹೀರೋ, ಅಂದರೆ ಇಂಟೆಲಿಜೆನ್ಸ್ ಬರೀ 7 ಇರುವ ಕೊಡಲಿಯವನು, 108ರಲ್ಲಿ. ನೂರು ಲೆವೆಲ್ ಪಯಣದ ಕೊನೆಯಲ್ಲಿ ಅತಿ ಸೂಕ್ತ ವರ್ಗಕ್ಕೂ ಈ ಹೀರೋಗೂ ಇರುವ ಅಂತರ ಒಂಬತ್ತು ಲೆವೆಲ್. ಲೆವೆಲ್ ಏರಿದಂತೆ ಪ್ರತಿ ಲೆವೆಲ್‌ನ ಬೆಲೆಯೂ ಏರುವುದರಿಂದ ಕೊನೆಯ ಆ ಒಂಬತ್ತು ಅಗ್ಗವೇನಲ್ಲ ನಿಜ, ಆದರೆ ಅವಿಲ್ಲದಿದ್ದರೆ ಆಟ ಮುಗಿಯುವುದಿಲ್ಲ ಎಂಬಂಥ ಸ್ಥಿತಿ ಎಲ್ಲಿಯೂ ಬರುವುದಿಲ್ಲ.

ಇದನ್ನು ಹೊರಗೆ ನಿಂತು ಹೇಳುತ್ತಿಲ್ಲ. ಆಟ ಬಿಡುಗಡೆಯಾದ ವಾರ ನಾನು ಚಿತ್ರದಲ್ಲಿದ್ದ ತೋಳು ನೋಡಿ ಹೀರೋ ಆರಿಸಿಕೊಂಡೆ. ಮೂವತ್ತು ಗಂಟೆಯ ಮೇಲೆ ಕೊಡಲಿ ಬೇಸರವಾಗಿ ಮಂತ್ರಕ್ಕೆ ತಿರುಗಿದೆ. ಮೇಲಿನ ಲೆಕ್ಕದ ಪ್ರಕಾರ ನಾನು ಮಾಡಿದ್ದು ಹತ್ತರಲ್ಲಿ ಅತಿ ಕೆಟ್ಟ ಆಯ್ಕೆಗಳಲ್ಲಿ ಒಂದು, ಆದರೆ ಆ ಲೆಕ್ಕವನ್ನು ಕಾಗದದ ಮೇಲೆ ಹಾಕುವವರೆಗೆ ನನಗೆ ಅದು ಅರಿವಿಗೇ ಬಂದಿರಲಿಲ್ಲ.

ಈಗ ನಿಮ್ಮ ಡಾರ್ಕ್ ಸೋಲ್ಸ್ ಗೆಳೆಯರ ಮಾತಿಗೆ ಬರುತ್ತೇನೆ, ಏಕೆಂದರೆ ಅವರು ಸುಳ್ಳು ಹೇಳುತ್ತಿಲ್ಲ. ಬೇರೆ ಆಟದ ಸತ್ಯವನ್ನು ಈ ಆಟಕ್ಕೆ ಹೊಂದಿಸುತ್ತಿದ್ದಾರೆ. ಇದೇ ಸಂಸ್ಥೆಯ 2011ರ ಮೊದಲ ಡಾರ್ಕ್ ಸೋಲ್ಸ್‌ನಲ್ಲಿ ಒಮ್ಮೆ ಹಾಕಿದ ಅಂಕವನ್ನು ಹಿಂತೆಗೆಯುವ ದಾರಿ ಇರಲಿಲ್ಲ. ಅಂಕಗಳನ್ನು ಮರುಹಂಚಿಕೆ ಮಾಡುವ ಅನುಕೂಲ ಆ ಸರಣಿಗೆ ಬಂದದ್ದು 2014ರ ಎರಡನೆಯ ಆಟದಲ್ಲಿ. ಇನ್ನೂ ಹಿಂದಕ್ಕೆ ಹೋದರೆ, 2000ದಲ್ಲಿ ಬಂದ ಡಯಾಬ್ಲೊ 2ರಲ್ಲಿ ಕೌಶಲದ ಅಂಕ ತಪ್ಪು ಜಾಗಕ್ಕೆ ಬಿದ್ದರೆ ಆ ಪಾತ್ರವನ್ನೇ ಕೈಬಿಟ್ಟು ಹೊಸದನ್ನು ಬೆಳೆಸುವುದು ವಾಡಿಕೆಯಾಗಿತ್ತು. ಅಲ್ಲಿ ಮರುಹಂಚಿಕೆಗೆ ಅವಕಾಶ ಸಿಕ್ಕಿದ್ದು ಹತ್ತು ವರ್ಷಗಳ ನಂತರ, 2010ರ ಪ್ಯಾಚ್‌ನಲ್ಲಿ. 2006ರ ಆಬ್ಲಿವಿಯನ್ ಇನ್ನೂ ವಿಚಿತ್ರ. ಅಲ್ಲಿ ವರ್ಗಕ್ಕೆ ಏಳು ಪ್ರಧಾನ ಕೌಶಲಗಳಿದ್ದು, ಅವು ಒಟ್ಟು ಹತ್ತು ಸಲ ಏರಿದರೆ ಒಂದು ಲೆವೆಲ್, ಮತ್ತು ನೀವು ಲೆವೆಲ್ ಏರಿದಂತೆ ಜಗತ್ತಿನ ಶತ್ರುಗಳೂ ಏರುತ್ತಿದ್ದರು. ಓಟ, ಜಿಗಿತಗಳನ್ನು ಪ್ರಧಾನ ಕೌಶಲ ಮಾಡಿಕೊಂಡವನು ಬರೀ ಓಡಾಡಿಯೇ ಲೆವೆಲ್ ಏರಿ, ಕತ್ತಿ ಬೀಸಲು ಬಾರದ ಸ್ಥಿತಿಯಲ್ಲಿ ಬಲಿಷ್ಠರಾದ ತುಂಟಭೂತಗಳ ಎದುರು ನಿಲ್ಲಬೇಕಾಗುತ್ತಿತ್ತು. ಇಂಥ ಆಟಗಳಲ್ಲಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ, ಅದರಲ್ಲಿ ಆಶ್ಚರ್ಯವಿಲ್ಲ.

ಇದರ ಹಿಂದೆ ಇನ್ನೊಂದು ಹಳೆಯ ಕಾರಣವಿದೆ. ವರ್ಗ ಎಂಬ ಕಲ್ಪನೆ ಹುಟ್ಟಿದ್ದು 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಮೇಜಿನ ಆಟದಲ್ಲಿ, ಅದೂ ಮೂರೇ ವರ್ಗಗಳೊಂದಿಗೆ: ಕಾದಾಡುವವನು, ಮಾಂತ್ರಿಕ, ಪುರೋಹಿತ. ಅದು ನಾಲ್ಕಾರು ಜನ ಸುತ್ತ ಕೂತು ಆಡುವ ಆಟವಾದ್ದರಿಂದ ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬುತ್ತಿದ್ದರು. ವರ್ಗದ ಬೇಲಿ ಬಿಗಿಯಾಗಿದ್ದಷ್ಟೂ ಪಕ್ಕದವನ ಅಗತ್ಯ ಹೆಚ್ಚುತ್ತಿತ್ತು, ಆಟ ರುಚಿಸುತ್ತಿತ್ತು. ಒಬ್ಬರೇ ಆಡುವ ಆಟದಲ್ಲಿ ಆ ಪಕ್ಕದವನಿಲ್ಲ. ಹೊಡೆಯುವವರೂ ನೀವೇ, ಗಾಯಕ್ಕೆ ಮದ್ದು ಹಾಕುವವರೂ ನೀವೇ, ಬೀಗ ತೆಗೆಯುವವರೂ ನೀವೇ. ಆದ್ದರಿಂದ ಒಂಟಿ ಆಟ ವಿನ್ಯಾಸ ಮಾಡುವವರು ಒಂದೋ ಜತೆಗಾರರನ್ನು ಕೊಡಬೇಕು, ಇಲ್ಲವೇ ಬೇಲಿಯನ್ನು ಸಡಿಲಿಸಬೇಕು. 2023ರ ಬಾಲ್ಡರ್ಸ್ ಗೇಟ್ 3 ಮೊದಲ ದಾರಿ ಹಿಡಿಯಿತು. ಅಲ್ಲಿ ಹನ್ನೆರಡು ವರ್ಗಗಳು, ಬೇಲಿ ಗಟ್ಟಿ, ಸಂಭಾಷಣೆಯ ಆಯ್ಕೆಗಳು ಕೂಡ ವರ್ಗಕ್ಕೆ ತಕ್ಕಂತೆ ಬದಲಾಗುತ್ತವೆ. ಆದರೂ ಶಿಬಿರದಲ್ಲಿರುವ ವಿದರ್ಸ್ ಎಂಬ ಅಸ್ಥಿಪಂಜರದಂಥ ಮುದುಕನ ಕೈಗೆ 100 ಚಿನ್ನದ ನಾಣ್ಯ ಇಟ್ಟರೆ ವರ್ಗವನ್ನೇ ಬದಲಿಸಿಕೊಡುತ್ತಾನೆ. ಎಲ್ಡನ್ ರಿಂಗ್ ಎರಡನೆಯ ದಾರಿ ಹಿಡಿದು ಬೇಲಿಯನ್ನೇ ಕಿತ್ತುಹಾಕಿದೆ. ನೀವು ಹೆದರುತ್ತಿರುವುದು ಅಲ್ಲಿಲ್ಲದ ಬೇಲಿಗೆ.

ಹಾಗಾದರೆ ಐದು ಪಾತ್ರಗಳೂ ಏಕೆ ಸೋತವು? ಇದು ನಿಮ್ಮ ಪತ್ರ ಕೇಳದ, ಆದರೆ ನಾನು ಉತ್ತರಿಸಲೇಬೇಕಾದ ಪ್ರಶ್ನೆ.

ಬೆಂಗಳೂರಿನ ಒಂದು ಸಣ್ಣ ಸ್ಟುಡಿಯೊದಲ್ಲಿ ಕೆಲವು ವರ್ಷ ನನ್ನ ಕೆಲಸವೇ ಹೊಸಬರು ಆಟವಾಡುವಾಗ ಅವರ ಹಿಂದೆ ಬಾಯಿ ಮುಚ್ಚಿಕೊಂಡು ಕೂತು ಟಿಪ್ಪಣಿ ಬರೆಯುವುದಾಗಿತ್ತು. ಅಲ್ಲಿ ಪದೇಪದೇ ಕಂಡ ಒಂದು ನಡವಳಿಕೆ ಹೀಗಿದೆ: ವರ್ಗ ಆರಿಸುವ ಪರದೆಯ ಮುಂದೆ ಇಪ್ಪತ್ತು ನಿಮಿಷ ಯೋಚಿಸಿದವರು ಮೊದಲ ಸಾವಿನ ಮರುಕ್ಷಣ ಆ ಪರದೆಗೇ ಮರಳುತ್ತಿದ್ದರು, ಎರಡು ನಿಮಿಷದಲ್ಲಿ ಆರಿಸಿದವರು ಸತ್ತರೆ ಬೇರೆ ದಾರಿ ಹುಡುಕುತ್ತಿದ್ದರು. ಹೆಚ್ಚು ಯೋಚಿಸಿದ ತೀರ್ಮಾನವೇ ಮೊದಲು ಅನುಮಾನಕ್ಕೆ ಒಳಗಾಗುತ್ತದೆ. ಒಮ್ಮೆ ನಾವು ಒಂದು ವರ್ಗದ ಕೆಳಗೆ ‘ಹೊಸಬರಿಗೆ ಸೂಕ್ತ’ ಎಂದು ಬರೆದು ಸಹಾಯ ಮಾಡಲು ಹೋದೆವು. ಬಂದವರಲ್ಲಿ ಬಹುತೇಕರು ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಆರಿಸಿದರು. ಸಾಲನ್ನು ಅಳಿಸಿದೆವು.

ಎಲ್ಡನ್ ರಿಂಗ್‌ನ ಮೊದಲ ಹತ್ತು ನಿಮಿಷ ಈ ಅನುಮಾನವನ್ನು ಬೇಕೆಂದೇ ಕೆಣಕುತ್ತವೆ. ಗುಹೆಯಿಂದ ಹೊರಬಂದು ಲಿಮ್‌ಗ್ರೇವ್‌ನ ಹುಲ್ಲುಗಾವಲಿಗೆ ಕಾಲಿಟ್ಟರೆ ಎದುರಿಗೆ ಮುರುಕು ಚರ್ಚ್ ಕಾಣುತ್ತದೆ, ನಡುವೆ ಚಿನ್ನದ ಕವಚ ತೊಟ್ಟ ಕುದುರೆ ಸವಾರ ನಿಧಾನವಾಗಿ ಅತ್ತಿಂದಿತ್ತ ನಡೆಯುತ್ತಿರುತ್ತಾನೆ. ಟ್ರೀ ಸೆಂಟಿನೆಲ್. ಬೇರೆ ಯಾವ ಆಟದಲ್ಲಾದರೂ ದಾರಿಯ ಮೇಲೆ ಮೊದಲು ಸಿಗುವವನು ಪಾಠ ಕಲಿಸಲು ನಿಂತ ಸುಲಭದ ಶತ್ರುವೆಂದೇ ನಾವು ಕಲಿತಿರುತ್ತೇವೆ. ಇವನು ಒಂದೇ ಏಟಿಗೆ ಮಲಗಿಸುತ್ತಾನೆ. ಸಮುರಾಯ್ ಆಗಿ ಸತ್ತವರು ‘ಗುರಾಣಿ ಇರಬೇಕಿತ್ತು’ ಎಂದುಕೊಳ್ಳುತ್ತಾರೆ, ವ್ಯಾಗಬಾಂಡ್ ಆಗಿ ಸತ್ತವರು ‘ದೂರದಿಂದ ಹೊಡೆಯುವಂತಿದ್ದರೆ’ ಎಂದು, ಆಸ್ಟ್ರಾಲಜರ್ ಆಗಿ ಸತ್ತವರು ‘ಇನ್ನಷ್ಟು ಪ್ರಾಣವಿದ್ದಿದ್ದರೆ’ ಎಂದು. ನಿಮ್ಮ ಪಟ್ಟಿಯ ಕ್ರಮ ನೋಡಿದರೆ ನೀವು ಇದೇ ಮೂರು ಮೆಟ್ಟಿಲು ಹತ್ತಿದ್ದೀರಿ ಎಂದು ನನ್ನ ಊಹೆ. ಆದರೆ ಆ ಸವಾರನನ್ನು ಅಲ್ಲಿ ನಿಲ್ಲಿಸಿರುವುದು ಅವನನ್ನು ಸುತ್ತು ಹಾಕಿ ದಾಟಿ ಹೋಗಲು ಕಲಿಯಿರಿ ಎಂದು ಹೇಳಲಿಕ್ಕೆ. ಮಾರ್ಗಿಟ್ ವಿಷಯವೂ ಇದೇ. ಅವನು ನೇರ ದಾರಿಯ ಮೇಲೆ ನಿಂತಿದ್ದಾನೆ, ಮಿನುಗುವ ಬೆಳಕಿನ ಎಳೆಗಳೂ ಅತ್ತಲೇ ಕೈ ತೋರಿಸುತ್ತವೆ. ಆದರೂ ದಕ್ಷಿಣದ ವೀಪಿಂಗ್ ಪೆನಿನ್ಸುಲಾ ಸುತ್ತಿ, ಒಂದಷ್ಟು ಲೆವೆಲ್ ಏರಿ, ಆಯುಧ ಹದಗೊಳಿಸಿ ಬಂದವರಿಗೆ ಅವನು ಬೇರೆಯೇ ಮನುಷ್ಯನಂತೆ ಕಾಣುತ್ತಾನೆ. ಹತ್ತು ವರ್ಗದಲ್ಲಿ ಯಾವುದನ್ನು ತಂದರೂ ಹನ್ನೆರಡನೇ ಲೆವೆಲ್‌ನಲ್ಲಿ ಅವನು ಕಷ್ಟವೇ.

ಸಾವಿನ ಹೆಚ್ಚಿನ ಪಾಲಿಗೆ ಕಾರಣ ವಿಗರ್ ಎಂಬ ಒಂದೇ ಗುಣಾಂಕ. ಆಸ್ಟ್ರಾಲಜರ್‌ನ ವಿಗರ್ 9, ಅಂದರೆ 396 ಪ್ರಾಣಾಂಕ. ವ್ಯಾಗಬಾಂಡ್‌ನದು 15, ಅಂದರೆ 522. ಆರಂಭದಲ್ಲಿ ಈ ವ್ಯತ್ಯಾಸ ನಿಜವಾಗಿಯೂ ಕಾಡುತ್ತದೆ, ವ್ಯಾಗಬಾಂಡ್ ‘ಶ್ರೇಷ್ಠ’ ಎಂಬ ಮಾತಿನ ಬೇರು ಇರುವುದೂ ಇಲ್ಲೇ. ಆದರೆ ವಿಗರ್ 25ಕ್ಕೆ ಬಂದರೆ ಪ್ರಾಣಾಂಕ 800, 40ಕ್ಕೆ 1,450, 60ಕ್ಕೆ 1,900; ಅಲ್ಲಿಂದ 99ರವರೆಗೆ ತುಂಬಿದರೂ ಸಿಗುವುದು ಇನ್ನು 200 ಮಾತ್ರ. ಮಂತ್ರವಾದಿಯಾಗಿ ಆಡುವ ಹೊಸಬರು ಸಿಕ್ಕಿದ ಅಂಕವನ್ನೆಲ್ಲ ಇಂಟೆಲಿಜೆನ್ಸ್‌ಗೆ ಸುರಿದು ವಿಗರ್ ಅನ್ನು 12ರಲ್ಲೇ ಬಿಟ್ಟಿರುತ್ತಾರೆ. ನಿಮ್ಮ 14ನೇ ಲೆವೆಲ್‌ನ ಪಾತ್ರವೂ ಹಾಗೆಯೇ ಇದ್ದರೆ ಮುಂದಿನ ಏಳೆಂಟು ಅಂಕಗಳನ್ನು ಕಣ್ಣು ಮುಚ್ಚಿ ವಿಗರ್‌ಗೆ ಹಾಕಿ.

‘ವ್ಯಾಗಬಾಂಡೇ ಶ್ರೇಷ್ಠ’ ಎಂಬುದು ಅರ್ಧ ನಿಜ. ಕತ್ತಿ ಮಾತ್ರ ಬಳಸುವವರಿಗೆ ಬೇಡದ ಇಂಟೆಲಿಜೆನ್ಸ್, ಫೇತ್, ಆರ್ಕೇನ್‌ಗಳಲ್ಲಿ ಅವನ ಅಂಕ ಕಡಿಮೆ ಸಿಕ್ಕಿಕೊಂಡಿದೆ, ಗುರಾಣಿ ಒಳ್ಳೆಯದು, ಹಾಲ್ಬರ್ಡ್ ಎಂಬ ಉದ್ದನೆಯ ಆಯುಧವೂ ಜತೆಗಿದೆ. ಆದರೆ ಮೇಲಿನ ಲೆಕ್ಕದಲ್ಲಿ ನೋಡಿದಂತೆ ನಿಮ್ಮ ಗುರಿಗೆ ಅವನು ಆಸ್ಟ್ರಾಲಜರ್‌ಗಿಂತ ಐದು ಲೆವೆಲ್ ಹಿಂದೆ. ಗೆಳೆಯರು ಲೆಕ್ಕ ಸರಿಯಾಗಿ ಹಾಕಿದ್ದಾರೆ, ತಮ್ಮ ಗುರಿಗೆ ಹಾಕಿದ್ದಾರೆ. ರೆಚ್ ಬಗ್ಗೆ ಒಂದು ಮಾತು ಸಾಕು: ಕೈಯಲ್ಲಿ ದೊಣ್ಣೆ, ಮೈಮೇಲೆ ಲಂಗೋಟಿ, ಎಲ್ಲ ಗುಣಾಂಕ ಸಮ, ಏನು ಬೇಕೆಂದು ಮೊದಲೇ ಗೊತ್ತಿರುವವರ ಎರಡನೇ ಆಟಕ್ಕೆ ಅದು ಸರಿ.

ಮಂತ್ರದಿಂದ ಗೆದ್ದರೆ ಗೆಲುವಲ್ಲ ಎಂಬ ಮಾತನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ, ಆದರೆ ಅದರೊಳಗಿರುವ ಒಂದು ಕಾಳನ್ನು ಬಿಡುವುದೂ ಸರಿಯಲ್ಲ. ದೂರ ನಿಂತು ಮಂತ್ರದ ನೀಲಿ ಹರಳು ಎಸೆಯುವುದರಿಂದ ಲಿಮ್‌ಗ್ರೇವ್‌ನ ಸೈನಿಕರು, ತೋಳಗಳು ಸುಲಭವಾಗುತ್ತಾರೆ ಎಂಬುದು ನಿಜ. ಅದಕ್ಕೆ ಪ್ರತಿಯಾಗಿ ನೀವು ಮದ್ದಿನ ಕುಪ್ಪಿಗಳನ್ನು ಪ್ರಾಣಕ್ಕೂ ಮಂತ್ರಶಕ್ತಿಗೂ ಹಂಚಬೇಕು. ಕತ್ತಿಯವನು ಎಲ್ಲವನ್ನೂ ಪ್ರಾಣಕ್ಕೇ ಇಟ್ಟುಕೊಳ್ಳುತ್ತಾನೆ. ಮಂತ್ರ ಹೇಳುವ ಹೊತ್ತಿನಲ್ಲಿ ಪಕ್ಕಕ್ಕೆ ಉರುಳಲಾಗದು. ಮುಂದಿನ ಬಾಸ್‌ಗಳು ಆ ದೂರವನ್ನು ಒಂದೇ ನೆಗೆತಕ್ಕೆ ಮುಗಿಸುತ್ತಾರೆ. ಇಲ್ಲಿರುವ ನಿಜವಾದ ಅಪಾಯ ಮಾನದ್ದಲ್ಲ, ಅಭ್ಯಾಸದ್ದು: ದೂರದಿಂದಲೇ ಕೆಲಸ ಮುಗಿಸಿದವರು ಏಟು ಬರುವ ಕ್ಷಣಕ್ಕೆ ಉರುಳುವುದನ್ನು ಕಲಿಯದೇ ಇಪ್ಪತ್ತು ಗಂಟೆ ಕಳೆದಿರುತ್ತಾರೆ, ಆ ಸಾಲ ಬಡ್ಡಿ ಸಮೇತ ಒಮ್ಮೆಗೇ ವಸೂಲಾಗುತ್ತದೆ. ನೀವು ಕತ್ತಿಯೂ ಇರಲಿ ಎಂದಿದ್ದೀರಲ್ಲ, ಆ ಆಸೆ ನಿಮ್ಮನ್ನು ಇದರಿಂದ ಕಾಪಾಡುತ್ತದೆ. ಉಳಿದಂತೆ, ಎರಡನೇ ಪ್ರಾಂತ್ಯದ ನಟ್ಟನಡುವೆ ಮಂತ್ರವಿದ್ಯೆಗೆಂದೇ ಒಂದು ದೊಡ್ಡ ಅಕಾಡೆಮಿ ಕಟ್ಟಿಟ್ಟ ಆಟದಲ್ಲಿ ಮಂತ್ರ ಬಳಸುವುದು ಮೋಸವೆಂದರೆ ಆ ಕಟ್ಟಡವನ್ನು ಯಾರಿಗಾಗಿ ಕಟ್ಟಿದರು?

ಈಗ ಬದಲಿಸಲು ಸಾಧ್ಯವೇ ಎಂಬ ಪ್ರಶ್ನೆ. ಸಾಧ್ಯ, ಅದೂ ಆ ಅಕಾಡೆಮಿಯಲ್ಲೇ. ಲಿಯುರ್ನಿಯಾ ಪ್ರಾಂತ್ಯದ ರಾಯಾ ಲುಕಾರಿಯಾದಲ್ಲಿ ರೆನಾಲಾ ಎಂಬ ರಾಣಿಯನ್ನು ಗೆದ್ದ ಮೇಲೆ, ಲಾರ್ವಲ್ ಟಿಯರ್ ಎಂಬ ವಸ್ತುವೊಂದನ್ನು ಆಕೆಗೆ ಕೊಟ್ಟರೆ ನಿಮ್ಮ ಅಂಕಗಳನ್ನೆಲ್ಲ ಮರಳಿಸಿ ಹೊಸದಾಗಿ ಹಂಚಿಕೊಳ್ಳಲು ಬಿಡುತ್ತಾಳೆ. ಇದಕ್ಕೆ ಎರಡು ಮಿತಿಗಳಿವೆ. ಟಿಯರ್‌ಗಳ ಸಂಖ್ಯೆಗೆ ಮಿತಿಯಿದೆ, ಪ್ರತಿ ಮರುಹಂಚಿಕೆಗೆ ಒಂದು ಖರ್ಚಾಗುತ್ತದೆ, ಆದ್ದರಿಂದ ದಿನಕ್ಕೊಂದು ವೇಷ ಹಾಕುವಂತಿಲ್ಲ. ಮತ್ತು ಯಾವ ಗುಣಾಂಕವನ್ನೂ ನಿಮ್ಮ ವರ್ಗದ ಆರಂಭದ ಸಂಖ್ಯೆಗಿಂತ ಕೆಳಗೆ ಇಳಿಸಲಾಗದು. ಸಮುರಾಯ್‌ನ ಡೆಕ್ಸ್‌ಟೆರಿಟಿ 15 ಮಂತ್ರವಾದಿಯಾದ ಮೇಲೂ 15ಕ್ಕಿಂತ ಕೆಳಗಿಳಿಯದು. ವರ್ಗ ಕೊನೆಯವರೆಗೆ ಬಿಟ್ಟುಹೋಗುವ ಏಕೈಕ ಗುರುತು ಅದು. ನೀವು ಲೆಕ್ಕದಲ್ಲಿ ನೋಡಿದ ಐದು, ಒಂಬತ್ತು ಲೆವೆಲ್‌ಗಳೆಲ್ಲ ಇದರದೇ ಫಲ. 2024ರ ಜೂನ್‌ನಲ್ಲಿ ಬಂದ ವಿಸ್ತರಣೆಗೆ ಹೋದರೆ ಆ ಗುರುತೂ ಮಸುಕಾಗುತ್ತದೆ, ಏಕೆಂದರೆ ಅಲ್ಲಿ ಬಲ ಹೆಚ್ಚುವುದು ಮುಖ್ಯವಾಗಿ ಆ ನೆಲದಲ್ಲಿ ಹುಡುಕಿ ತೆಗೆಯುವ ಸ್ಕ್ಯಾಡುಟ್ರೀ ತುಣುಕುಗಳಿಂದ.

ಮುಂದಿರುವ ದಾರಿಗಳನ್ನು ನೋಡೋಣ. ಒಂದು, ಈಗಿನ ಆಸ್ಟ್ರಾಲಜರ್. ಇದಕ್ಕೊಂದು ಅನುಕೂಲವಿದೆ, ಅದನ್ನು ಬಹಳ ಮಂದಿ ಗಮನಿಸುವುದಿಲ್ಲ. ಕೇಲಿಡ್ ಪ್ರಾಂತ್ಯದ ಸ್ಟ್ರೀಟ್ ಆಫ್ ಸೇಜಸ್ ಎಂಬ ಪಾಳು ಊರಿನಲ್ಲಿ ಮೀಟಿಯೊರೈಟ್ ಸ್ಟಾಫ್ ಎಂಬ ಮಂತ್ರದಂಡವಿದೆ. ಅದಕ್ಕೆ ಇಂಟೆಲಿಜೆನ್ಸ್ 18 ಬೇಕು. ಆಸ್ಟ್ರಾಲಜರ್ 16ರಿಂದ ಶುರುವಾಗುವುದರಿಂದ ಎರಡೇ ಅಂಕ ಸಾಕು. ವ್ಯಾಗಬಾಂಡ್‌ಗೆ ಒಂಬತ್ತು ಬೇಕು. ಕೆಂಪು ಕೊಳೆತದ ಜೌಗಿನ ನಡುವೆ ಕುದುರೆ ಓಡಿಸಿಕೊಂಡು ಹೋಗಬೇಕಾಗುತ್ತದೆ, ಎರಡು ಮೂರು ಸಲ ಸಾಯುತ್ತೀರಿ, ಹೋಗುವ ಮೊದಲು ಕೈಯಲ್ಲಿರುವ, ಲೆವೆಲ್ ಏರಿಸಲು ಬೇಕಾದ ಮತ್ತು ಸತ್ತರೆ ಕೈಬಿಡುವ ರೂನ್‌ಗಳನ್ನು ಖರ್ಚು ಮಾಡಿರಿ. ಆ ದಂಡವನ್ನು ಉನ್ನತೀಕರಿಸಲು ಬರುವುದಿಲ್ಲ. ಇದು ಕೊರತೆಯಂತೆ ಕಾಣುತ್ತದೆ, ನಿಮಗೆ ಮಾತ್ರ ಇದೇ ವರ: ಆಯುಧದ ಬಲ ಹೆಚ್ಚಿಸುವ, ಆರಂಭದಲ್ಲಿ ವಿರಳವಾಗಿ ಸಿಗುವ ಸ್ಮಿತಿಂಗ್ ಕಲ್ಲುಗಳಲ್ಲಿ ಒಂದನ್ನೂ ದಂಡಕ್ಕೆ ಸುರಿಯಬೇಕಿಲ್ಲ, ಎಲ್ಲವೂ ಕತ್ತಿಗೇ ಉಳಿಯುತ್ತವೆ. ಈ ಆಟದಲ್ಲಿ ಹೊಸಬರು ನಿಜವಾಗಿಯೂ ದುಬಾರಿ ತಪ್ಪು ಮಾಡುವುದು ವರ್ಗದ ಪರದೆಯಲ್ಲಲ್ಲ, ಕಮ್ಮಾರನ ಮುಂದೆ. ನಾಲ್ಕು ಆಯುಧಕ್ಕೆ ಎರಡೆರಡು ಕಲ್ಲು ಹಂಚಿ ಒಂದೂ ಕಡಿಯದ ಸ್ಥಿತಿಗೆ ಬರುತ್ತಾರೆ.

ಈ ದಾರಿಯ ಅಪಾಯ ರೆನಾಲಾಳದೇ. ಮಂತ್ರವಿದ್ಯೆಯ ರಾಣಿಗೆ ಮಂತ್ರ ಅಷ್ಟಾಗಿ ತಾಗುವುದಿಲ್ಲ, ಬರೀ ಹರಳು ಎಸೆದು ಆಕೆಯನ್ನು ಇಳಿಸುವುದು ಬೇಸರದ ಕೆಲಸ. ಅಲ್ಲಿ ಕತ್ತಿ ಬೇಕು. ಉಚಿಗತಾನ, ಅಂದರೆ ನೀವು ಅಳಿಸಿ ಹಾಕಿದ ಸಮುರಾಯ್ ಹಿಡಿದಿದ್ದ ಅದೇ ಕತ್ತಿ, ಲಿಮ್‌ಗ್ರೇವ್‌ನ ಡೆತ್‌ಟಚ್ಡ್ ಕ್ಯಾಟಕೂಂಬ್ಸ್ ಎಂಬ ನೆಲಮಾಳಿಗೆಯಲ್ಲಿ ಯಾರಿಗೆ ಬೇಕಾದರೂ ಸಿಗುತ್ತದೆ. ಅದಕ್ಕೆ ಸ್ಟ್ರೆಂತ್ 11, ಡೆಕ್ಸ್‌ಟೆರಿಟಿ 15 ಬೇಕು. ಆಸ್ಟ್ರಾಲಜರ್‌ನಲ್ಲಿರುವುದು 8 ಮತ್ತು 12. ಆದರೆ ಎರಡೂ ಕೈಯಿಂದ ಹಿಡಿದರೆ ಆಟ ಸ್ಟ್ರೆಂತನ್ನು ಒಂದೂವರೆ ಪಟ್ಟು ಎಂದು ಎಣಿಸುತ್ತದೆ, 8 ಎಂಬುದು 12 ಆಗುತ್ತದೆ. ಡೆಕ್ಸ್‌ಟೆರಿಟಿಗೆ ಮೂರು ಅಂಕ ಹಾಕಿದರೆ ಸಮುರಾಯ್‌ನ ಬುತ್ತಿಯೂ ನಿಮ್ಮ ಹೆಗಲಿಗೇ ಬಂತು. ರಕ್ತ ಸೋರಿಸುವ ಗುಣ ಅದಕ್ಕೆ ಹುಟ್ಟಿನಿಂದಲೇ ಇದೆ.

ಇನ್ನೊಂದು ದಾರಿ ಪ್ರಿಸನರ್. ಎಸ್ಟಾಕ್ ಎಂಬ ಮೊನಚು ಕತ್ತಿ, ಒಂದು ದಂಡ, ಇಂಟೆಲಿಜೆನ್ಸ್ ಮತ್ತು ಡೆಕ್ಸ್‌ಟೆರಿಟಿ ಎರಡೂ 14. ನಿಮ್ಮ ಮೊದಲ ಪಾತ್ರವಾಗಿದ್ದರೆ ನಾನು ಇದನ್ನೇ ಸೂಚಿಸುತ್ತಿದ್ದೆ. ಆರನೆಯದಾಗಿ ಖಂಡಿತ ಸೂಚಿಸುವುದಿಲ್ಲ. ಮೂರನೆಯದು, ಸಮುರಾಯ್ ಅಥವಾ ವ್ಯಾಗಬಾಂಡ್ ಆಗಿ ರೆನಾಲಾವರೆಗೆ ಕತ್ತಿಯಲ್ಲೇ ಸಾಗಿ ಅಲ್ಲಿ ಮಂತ್ರವಾದಿಯಾಗುವುದು. ಏಟು ತಪ್ಪಿಸುವ ಕಲೆ ಚೆನ್ನಾಗಿ ಬರುತ್ತದೆ, ಆರಂಭ ಸಲೀಸು. ಆದರೆ ಇಷ್ಟವಿಲ್ಲದ ರೀತಿಯಲ್ಲಿ ಮೂವತ್ತು ನಲವತ್ತು ಗಂಟೆ ಆಡಬೇಕು, ನಿಮ್ಮ ಲೆಕ್ಕದಲ್ಲಿ ಅದು ಒಂದು ತಿಂಗಳಿಗಿಂತ ಕಡಿಮೆಯಿಲ್ಲ. ದೈವಭಕ್ತಿಯ ಫೇತ್ ಮಾರ್ಗ, ಅಂದರೆ ಪ್ರಾಫೆಟ್ ಮತ್ತು ಕನ್ಫೆಸರ್, ನಿಮ್ಮ ಆಸೆಗೆ ಸಂಬಂಧಿಸಿದ್ದಲ್ಲ. ನಾನು ಕಂಡಂತೆ ಅತ್ಯಂತ ಅಪಾಯದ ದಾರಿ ಹೆಸರಿಲ್ಲದ ಐದನೆಯದು, ಪ್ರತಿ ಲೆವೆಲ್‌ನಲ್ಲೂ ಎಲ್ಲ ಗುಣಾಂಕಕ್ಕೂ ಒಂದೊಂದು ಚಮಚ ಬಡಿಸುವುದು. ಐವತ್ತನೇ ಲೆವೆಲ್‌ನಲ್ಲಿ ಅಂಥವರ ಮಂತ್ರವೂ ಮೊಂಡು, ಕತ್ತಿಯೂ ಮೊಂಡು. ಕತ್ತಿ ಜತೆಗಿರಲಿ ಎಂಬ ನಿಮ್ಮ ಆಸೆ ಇತ್ತ ಜಾರಬಾರದು. ಕತ್ತಿಗೆ ಹಿಡಿಯಲು ಬೇಕಾದಷ್ಟು ಅಂಕ ಕೊಟ್ಟು ನಿಲ್ಲಿಸಿ, ಉಳಿದ ಬಲವನ್ನು ಕಲ್ಲುಗಳು ಕೊಡುತ್ತವೆ.

ಮುಂದಿನ ಕೆಲವು ರಾತ್ರಿಗಳಿಗೆ ಇಷ್ಟು ಸಾಕು. ಮಾರ್ಗಿಟ್‌ನನ್ನು ಅಲ್ಲೇ ಬಿಡಿ. ಅವನು ಕಾಯುವ ಸ್ಟಾರ್ಮ್‌ವೇಲ್ ಕೋಟೆಯ ಪಕ್ಕದಿಂದ ಲಿಯುರ್ನಿಯಾಕ್ಕೆ ಒಂದು ಕಾಲುದಾರಿಯೂ ಇದೆ, ಬೇಕಾದರೆ ಅವನ ಮುಖ ನೋಡದೆಯೇ ರೆನಾಲಾಳನ್ನು ತಲುಪಬಹುದು. ಕುದುರೆ ಸಿಕ್ಕ ಮೇಲೆ ಚರ್ಚ್ ಆಫ್ ಎಲ್ಲೆಗೆ, ಅಂದರೆ ಆ ಮುರುಕು ಚರ್ಚಿಗೆ, ಮರಳಿದ್ದೀರಾ? ಇಲ್ಲವಾದರೆ ರಾತ್ರಿ ಹೊತ್ತು ಹೋಗಿ ನೋಡಿ, ಅಲ್ಲಿ ಕೂತಿರುವ ಹೆಣ್ಣೊಬ್ಬಳು ಮೂರು ತೋಳಗಳ ಆತ್ಮವನ್ನು ಕರೆಯುವ ಗಂಟೆ ಕೊಡುತ್ತಾಳೆ. ತೋಳಗಳು ಶತ್ರುವಿನ ಗಮನ ಎಳೆದರೆ ಮಂತ್ರ ಹೇಳಲು ಬೇಕಾದ ಎರಡು ಉಸಿರಿನ ಬಿಡುವು ಸಿಗುತ್ತದೆ. ವೇಪಾಯಿಂಟ್ ರೂಯಿನ್ಸ್‌ನ ನೆಲಮಾಳಿಗೆಯಲ್ಲಿ ಸೆಲೆನ್ ಎಂಬ ಮಾಂತ್ರಿಕೆ ಹೊಸ ಮಂತ್ರಗಳನ್ನು ಮಾರುತ್ತಾಳೆ. ಆಮೇಲೆ ಆ ಕ್ಯಾಟಕೂಂಬ್ಸ್, ಆ ಕತ್ತಿ. ಕತ್ತಿಯನ್ನು ತಂದು ಅದೇ ಚರ್ಚಿನ ಅಡೆಗಲ್ಲಿನ ಮೇಲೆ +3ರವರೆಗೆ, ಅಂದರೆ ಮೂರು ಮೆಟ್ಟಿಲು, ಹದಗೊಳಿಸಬಹುದು. ರೆಚ್‌ನನ್ನು ಅಳಿಸಬೇಡಿ, ಆಟದಲ್ಲಿ ಹತ್ತು ಪಾತ್ರಗಳಿಗೆ ಜಾಗವಿದೆ, ಅವನೊಂದು ಮೂಲೆಯಲ್ಲಿ ಕೂತಿರಲಿ. ಚರ್ಚಿನಿಂದ ಹೊರಗೆ ಬಂದಾಗ ಚಿನ್ನದ ಸವಾರ ಇನ್ನೂ ಅತ್ತಿಂದಿತ್ತ ನಡೆಯುತ್ತಿರುತ್ತಾನೆ. ವಿಗರ್ ಇಪ್ಪತ್ತು ದಾಟಿದ್ದರೆ ಒಮ್ಮೆ ಕುದುರೆಯ ಮೇಲೇ ಕೂತು ಮಾತನಾಡಿಸಿ ನೋಡಿ.